ಮುಚ್ಚಿದಂತೆ ಮಾಡಿ ತೆರೆದುಕೊಳ್ಳುತ್ತಿದ್ದ ಹಿಂಬಾಗಿಲು

ಅಪ್ಪನ ಶಿವಗಣಾರಾಧನೆ ಮುಗಿದು, ಬಂದ ನೆಂಟರೆಲ್ಲ ಜಡೆ ಊರಿನ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ, ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಆರಿಸುತ್ತಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ನನ್ನ ಕಾರನ್ನು ನೋಡುತ್ತಿದ್ದಳು.

"ನಾನೇ ಎರಡ್ ಸಲ ಒತ್ತಿದ್ನೇನೋ," ಎಂದಳು.

ಆ ಮಾತು ಆಕೆಗೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಹನ್ನೆರಡು ದಿನಗಳ ಹಿಂದೆ, ಅದೇ ಅಂಗಳದಲ್ಲಿ, ಅದನ್ನು ಆಕೆಗೆ ಹೇಳಿದವನು ನಾನೇ.

ಆ ಬೆಳಿಗ್ಗೆ ಅಪ್ಪ ಎದೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕುಸಿದಿದ್ದ. ಕೂರಿಸಲು ಆಗಲಿಲ್ಲ. ಕಾರಿನ ಹಿಂದಿನ ಸೀಟುಗಳನ್ನು ಮಡಿಚಿ, ಹಾಸಿಗೆ ಹಾಸಿ, ಹಿಂಬಾಗಿಲಿನಿಂದ ಮಲಗಿಸಿದೆವು. ಅದು ಕೈಯಿಂದ ಎಳೆದು ಮುಚ್ಚುವ ಬಾಗಿಲಲ್ಲ. ಅಂಚಿನಲ್ಲೊಂದು ಗುಂಡಿ ಇದೆ. ಒಮ್ಮೆ ಒತ್ತಿದರೆ ತಾನಾಗಿ ಇಳಿದು ಮುಚ್ಚಿಕೊಳ್ಳುತ್ತದೆ, ಇಳಿಯುವಾಗ ಮತ್ತೊಮ್ಮೆ ಒತ್ತಿದರೆ ಮೇಲಕ್ಕೇಳುತ್ತದೆ. ನಾನು ಚಾಲಕನ ಜಾಗದಲ್ಲಿ ಕುಳಿತಿದ್ದೆ. ಅವ್ವ ಹಿಂದೆ ನಿಂತು ಗುಂಡಿ ಒತ್ತಿದಳು. ಬಾಗಿಲು ಇಳಿಯಿತು, ಇನ್ನೆರಡು ಬೆರಳಷ್ಟು ಇದೆ ಎನ್ನುವಾಗ ಮೂರು ಸಲ ಕೂಗಿ ಮೇಲೆದ್ದಿತು. ಮತ್ತೆ ಒತ್ತಿದಳು. ಮತ್ತೆ ಎದ್ದಿತು.

"ಎರಡ್ ಸಲ ಒತ್ತಬೇಡವ್ವಾ!" ಎಂದು ನಾನು ಕೂಗಿದೆ.

ಅನಂತರ ಇಳಿದು ಬಂದು ನಾನೇ ಒತ್ತಿದೆ. ಅದೇ ಆಯಿತು. ಇಲ್ಲಿ ನನ್ನ ಸ್ವಭಾವವನ್ನು ಒಪ್ಪಿಕೊಳ್ಳಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಮೊದಲ ಪಾಠವೆಂದರೆ, ಕಾರಣ ತಿಳಿಯದೆ ಪರಿಹಾರಕ್ಕೆ ಕೈಹಾಕಬಾರದು ಎಂಬುದು. ನಾನು ಕಾರಣ ಹುಡುಕಿದೆ. ಎಂಜಿನ್ ನಿಲ್ಲಿಸಿ ಮತ್ತೆ ಹಚ್ಚಿದೆ, ಹಾಸಿಗೆಯ ತುದಿ ಸಿಕ್ಕಿಕೊಂಡಿದೆಯೇ ಎಂದು ನೋಡಿದೆ, ಮೊಬೈಲಿನಲ್ಲಿ ಓದಿದೆ. ಪಕ್ಕದ ಮನೆಯವರು ದನದ ಹಗ್ಗ ತಂದು, "ಮಾರಾಯಾ, ಕಟ್ಟಿ ಹೊರಡೋ!" ಎಂದು ಬಾಗಿಲನ್ನು ಬಂಪರಿಗೆ ಬಿಗಿಯುವ ಹೊತ್ತಿಗೆ ಕಾಲು ಗಂಟೆ ದಾಟಿತ್ತು. ಶಿರಾಳಕೊಪ್ಪ ದಾಟಿದ ಮೇಲೆ, ಶಿಕಾರಿಪುರದ ಆಸ್ಪತ್ರೆ ಇನ್ನೂ ದೂರವಿರುವಾಗ, ಹಿಂದೆ ಕುಳಿತಿದ್ದ ಅವ್ವ ಅಪ್ಪನೊಡನೆ ಮಾತಾಡುವುದನ್ನು ನಿಲ್ಲಿಸಿದಳು.

ಕಾಲು ಗಂಟೆ ಮೊದಲು ಬಂದಿದ್ದರೆ ಎಂದು ವೈದ್ಯರನ್ನು ಕೇಳಿದೆ. "ಹೇಳೋಕಾಗಲ್ಲ. ಹೇಳಿದ್ರೂ ಅದು ಊಹೆ," ಎಂದರು. ಪ್ರಾಮಾಣಿಕ ಉತ್ತರ. ನನಗೆ ಆಗ ಏನೂ ಅನ್ನಿಸಲಿಲ್ಲ. ಇವತ್ತಿಗೂ, ಅನ್ನಿಸಬೇಕಾದಷ್ಟು ಅನ್ನಿಸುತ್ತಿಲ್ಲ. ಆದರೆ ಅವ್ವ ಕಾರು ಹತ್ತುವುದನ್ನು ಬಿಟ್ಟಳು, ಊಟವನ್ನು ಅರ್ಧಕ್ಕೆ ಇಳಿಸಿದಳು, ಬಲಗೈಯ ತೋರುಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರತೊಡಗಿದಳು. ತಪ್ಪು ಆಕೆಯ ಬೆರಳಿನದಲ್ಲ ಎಂದು ನಾನು ಸಾಬೀತುಪಡಿಸಬೇಕಾಗಿತ್ತು. ಬರಿಯ ಮಾತಿನಲ್ಲಿ ಹೇಳಿದರೆ ಆಕೆ ನಂಬುವವಳಲ್ಲ. ನನ್ನ ಮಾತುಗಳನ್ನು ಮನೆಯಲ್ಲಿ ಎಲ್ಲರೂ ಸಾಕಷ್ಟು ಕೇಳಿದ್ದರು.

ಕಾರಿನ ಬಗ್ಗೆ ಎರಡು ಮಾತು. ಅದು ಜಪಾನಿನಲ್ಲಿ ಓಡಿ, ಅಲ್ಲಿಂದ ಪೂರ್ವ ಆಫ್ರಿಕಾಕ್ಕೆ ಹೋಗಿ, ಅಲ್ಲಿ ಕೆಲಸ ಮುಗಿಸಿ ಮರಳಿದ ಪರಿಚಿತರೊಬ್ಬರ ಜೊತೆ ಹಡಗಿನಲ್ಲಿ ಬಂದದ್ದು. ಊರೂರಿನ ಸರಕಾರಿ ಶಾಲೆಗಳಿಗೆ ಪುಸ್ತಕದ ಪೆಟ್ಟಿಗೆ ಒಯ್ದು, ಮಕ್ಕಳಿಗೆ ಸಿಟ್ಟಿಲ್ಲದೆ ವಾದಿಸುವುದನ್ನು ಕಲಿಸುವ ನನ್ನ ಕೆಲಸಕ್ಕೆ ಅದರ ವಿಶಾಲವಾದ ಹಿಂಭಾಗ ಹೊಂದುತ್ತದೆಂದು ಅವರಿಂದ ಖರೀದಿಸಿದ್ದೆ. ಗಾಡಿ ಹಚ್ಚಿದೊಡನೆ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಒಂದು ವಾಕ್ಯ ಹೇಳುತ್ತಿದ್ದಳು. ಪಕ್ಕದಲ್ಲಿ ಕುಳಿತ ಅಪ್ಪ ಪ್ರತಿಸಲವೂ "ಆಯ್ತು ತಾಯಿ," ಎನ್ನುತ್ತಿದ್ದ.

ಮೊದಲು ಸೊರಬಕ್ಕೆ ಹೋದೆ. ಬಸ್ ನಿಲ್ದಾಣದಿಂದ ಸ್ವಲ್ಪ ಮುಂದಿರುವ ಮೆಕ್ಯಾನಿಕ್ ಬಾಗಿಲನ್ನು ನಾಲ್ಕು ಸಲ ಇಳಿಸಿ ನೋಡಿ, ಬ್ಯಾಟರಿ ಸೋತಿದೆ ಎಂದರು. ಬೇರೆ ಬ್ಯಾಟರಿ ಹಾಕಿದರು; ಬಾಗಿಲು ಮೊದಲಿಗಿಂತ ಚುರುಕಾಗಿ ಇಳಿದು, ಮೊದಲಿಗಿಂತ ಚುರುಕಾಗಿ ಮೇಲೆದ್ದಿತು. ಬಾಗಿಲನ್ನೆತ್ತುವ ಕೋಲುಗಳಿಗೆ ಎಣ್ಣೆ ಹೊಡೆದರು. ಕೊನೆಗೆ ಕೈ ಒರೆಸಿಕೊಂಡು, "ಇದು ನಮ್ ಕೈಲಿ ಆಗೋದಲ್ಲ ಮಾರಾಯ್ರೆ. ಬಾಗ್ಲು ಹಾಕ್ಕೊಳ್ಳೋಕೂ ಸೋಮಾರಿ ಆದೋರಿಗೆ ಮಾಡಿದ ಗಾಡಿ ಇದು. ಶಿಕಾರಿಪುರದಲ್ಲಿ ವೈರಿಂಗ್‌ನೋರಿಗೆ ತೋರ್ಸಿ," ಎಂದರು.

ಶಿಕಾರಿಪುರದ ಎಲೆಕ್ಟ್ರಿಷಿಯನ್ ನನಗಿಂತ ಹಿರಿಯರು, ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೊಂದು ಟೆಸ್ಟರ್. ಆ ಹೊತ್ತಿಗೂ ನಾನು ಬಾಗಿಲಿಗೆ ಅದೇ ದನದ ಹಗ್ಗ ಕಟ್ಟಿಕೊಂಡೇ ಓಡಾಡುತ್ತಿದ್ದೆ.

"ಎಲ್ಲಿಂದ ಬಂತ್ರೀ ಈ ಗಾಡಿ?"

"ಜಪಾನಿನಿಂದ ಆಫ್ರಿಕಾಕ್ಕೆ, ಅಲ್ಲಿಂದ ಜಡೆ ಕಡೆಗೆ."

"ಹಂಗಾರೆ ನಮಗಿಂತ ಜಾಸ್ತಿ ಊರು ನೋಡೈತೆ ಬಿಡ್ರಿ. ಹಗ್ಗ ಮಾತ್ರ ನಮ್ದೇ."

ಗಾಡಿ ಹಚ್ಚಿದಾಗ ಹೆಂಗಸು ಮಾತಾಡಿದಳು. ಅವರು ಅನುವಾದದ ಆ್ಯಪ್ ತೆರೆದು ಮೊಬೈಲ್ ಮುಂದೆ ಹಿಡಿದು ಮತ್ತೊಮ್ಮೆ ಹಚ್ಚಿಸಿದರು. "ಕಾರ್ಡ್ ಹಾಕಿಲ್ಲ ಅಂತಾಳ್ರೀ. ಆ ದೇಶದ ಟೋಲ್ ಕಾರ್ಡು ಇರ್ಬೇಕು," ಎಂದರು. ಅಪ್ಪ ಒಂದೂವರೆ ವರ್ಷ "ಆಯ್ತು ತಾಯಿ" ಎಂದದ್ದು ಇದಕ್ಕೆ. ಬಾಗಿಲು ಮೇಲೆದ್ದಾಗ ಕಾರಿನ ಪರದೆಯ ಮೇಲೆ ಮೂಡಿದ ಜಪಾನಿ ಸಾಲನ್ನೂ ಕ್ಯಾಮರಾದಲ್ಲಿ ಹಿಡಿದು ಓದಿದರು: ಏನೋ ಸಿಕ್ಕಿಕೊಂಡಿದೆ, ನೋಡಿ. ಅಂದು ಅಂಗಳದಲ್ಲಿ, ನಾನು ಕಾರಣ ಹುಡುಕುತ್ತಿದ್ದ ಕಾಲು ಗಂಟೆಯುದ್ದಕ್ಕೂ, ಆ ಸಾಲು ನನ್ನೆದುರಿಗೇ ಬೆಳಗುತ್ತಿತ್ತು.

ಅವರು ಕೆಲಸ ಮಾಡಿದ ಕ್ರಮ ನನಗೆ ಇಷ್ಟವಾಯಿತು. ಬ್ಯಾಟರಿ ತಂತಿ ಬಿಡಿಸಿ ಬಾಗಿಲನ್ನು ಕೈಯಲ್ಲೇ ನಿಧಾನ ಒತ್ತಿದರು, ಮುಚ್ಚಿತು. ಎಂದರೆ ಕೊಂಡಿ ಸರಿಯಿದೆ. ತಂತಿ ಜೋಡಿಸಿ, ಬಾಗಿಲು ಇಳಿಯುವಾಗ ಅದರ ಅಂಚಿನ ರಬ್ಬರ್ ಪಟ್ಟಿಯನ್ನು ಎರಡು ಬೆರಳಲ್ಲಿ ಅದುಮಿದರು. ಅದೇ ಮೂರು ಕೂಗು, ಅದೇ ಹಿಂತಿರುಗುವಿಕೆ. "ಮಕ್ಕಳ ಕೈ ಸಿಗಬಾರ್ದು ಅಂತ ಈ ಪಟ್ಟಿ ಇಟ್ಟಾರೆ. ಇದಕ್ಕೆ ಏನಾರ ತಾಗ್ತು ಅಂದ್ರೆ ಬಾಗ್ಲು ವಾಪಸ್. ಈಗ ಏನೋ ತಾಗ್ತೈತಿ. ಎಲ್ಲಿ ಅನ್ನೋದೊಂದು ನೋಡ್ಬೇಕು." ಹಳೆಯ ದಿನಪತ್ರಿಕೆಯನ್ನು ಉದ್ದುದ್ದ ಹರಿದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದೊಂದೇ ಪಟ್ಟಿ ಇಟ್ಟು, ಬ್ಯಾಟರಿ ತಂತಿ ಮತ್ತೆ ಬಿಡಿಸಿ ಬಾಗಿಲನ್ನು ಕೈಯಿಂದ ಮುಚ್ಚಿ ಎಳೆದರು. ಬಲಗಡೆ ಎಲ್ಲ ಸಲೀಸಾಗಿ ಬಂದವು. ಎಡಗಡೆ, ಮೊಣಕಾಲಿನ ಎತ್ತರದಲ್ಲಿ, ಒಂದು ಕಾಗದದ ಪಟ್ಟಿ ಹರಿದು ಕೈಗೆ ಅರ್ಧ ಮಾತ್ರ ಬಂತು.

ಅಲ್ಲಿ ಚೌಕಟ್ಟಿನ ರಬ್ಬರನ್ನು ಎಬ್ಬಿಸಿ ಬೆರಳು ಹಾಕಿದರು. ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಅದನ್ನು ಕಣ್ಣಿಗೊತ್ತಿಕೊಂಡು ಆಮೇಲೆ ನನ್ನತ್ತ ಚಾಚಿದರು.

ಹುಣಸೆ ಬೀಜದಷ್ಟು ದಪ್ಪದ ಗಂಟು. ಅವ್ವನ ಹಳೆಯ ಹಸಿರು ಸೀರೆಯ ಅಂಚು, ಕೆಂಪು ನೂಲಿನ ಅಡ್ಡ ಹೊಲಿಗೆ. ಒಳಗೆ ವಿಭೂತಿಯ ಚೂರು.

ದೀಪಾವಳಿಯ ಪಾಡ್ಯಕ್ಕೆ ಅವ್ವ ಪ್ರತಿವರ್ಷ ಮಠದ ವಿಭೂತಿಗಟ್ಟಿಯನ್ನು ಒಡೆದು ಇಂಥ ಗಂಟುಗಳನ್ನು ಹೊಲಿಯುತ್ತಾಳೆ. ಪಂಪ್‌ಸೆಟ್ಟಿಗೆ, ಟಿಲ್ಲರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ, ಮಿಕ್ಸಿಗೂ ಒಂದು. ಕಟ್ಟುವುದು ಅಪ್ಪನ ಕೆಲಸ. ಕಳೆದ ದೀಪಾವಳಿಗೆ ಅಪ್ಪ ಗಂಟು ಹಿಡಿದು ಕಾರಿನ ಕನ್ನಡಿಯ ಬಳಿ ಬಂದಾಗ ನಾನು ತಡೆದೆ. ಶಾಲೆಯ ಮಕ್ಕಳ ಮುಂದೆ ಪ್ರಶ್ನಿಸಿ ಎಂದು ಹೇಳುವವನು ಹೆದರಿಕೆಯನ್ನು ಕಟ್ಟಿಕೊಂಡು ತಿರುಗಬಾರದು ಎಂದೆ. ಯಂತ್ರಕ್ಕೆ ಬೇಕಾದ್ದು ಎಣ್ಣೆ, ಗಾಳಿ ಮತ್ತು ಗಮನ ಎಂದೆ. ಮೂರು ಅಂಶಗಳಲ್ಲಿ ವಿಂಗಡಿಸಿ, ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿ ನಾನೇ ಖಂಡಿಸಿದೆ.

"ಮುಗೀತಾ?" ಎಂದ ಅಪ್ಪ.

"ಮುಗೀತು."

"ಚಲೋ ಮಾತಾಡ್ತೀಯ," ಎಂದು ಗಂಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹಿತ್ತಲಿಗೆ ಹೋದ. ನಾನು ಗೆದ್ದೆನೆಂದುಕೊಂಡೆ.

ಆಮೇಲೆ ಯಾವತ್ತೋ ನಾನಿಲ್ಲದಾಗ ಅದನ್ನು ನನ್ನ ಕಣ್ಣಿಗೆ ಬೀಳದ ಜಾಗ ಹುಡುಕಿ ಇಟ್ಟಿದ್ದಾನೆ. ಮೇಲ್ಗಡೆ ಎಲ್ಲೋ ಇಟ್ಟಿರಬೇಕು. ಕೆಟ್ಟ ರಸ್ತೆಗಳ ಕುಲುಕಾಟದಲ್ಲಿ ರಬ್ಬರಿನ ಹಿಂದೆಯೇ ಇಂಚಿಂಚು ಜಾರಿ ಪಟ್ಟಿ ತಾಗುವಲ್ಲಿಗೆ ಬಂದಿದೆ. ಅಪ್ಪ ತೀರುವ ಮುಂಚಿನ ತಿಂಗಳಲ್ಲಿ ಬಾಗಿಲು ಎರಡು ಸಲ ಹೀಗೆಯೇ ಹಿಂತಿರುಗಿತ್ತು. ಬಿಡುವಾದಾಗ ತೋರಿಸೋಣ ಎಂದುಕೊಂಡಿದ್ದೆ. ಎಣ್ಣೆ, ಗಾಳಿ ಮತ್ತು ಗಮನ ಎಂದವನು ನಾನು.

"ನೀವು ಇಟ್ಟದ್ದೇನ್ರೀ?" ಎಂದು ಕೇಳಿದರು ಎಲೆಕ್ಟ್ರಿಷಿಯನ್.

"ಅಲ್ಲ. ನಮ್ಮಪ್ಪ."

"ಅವ್ರಿಗೆ ಹೇಳ್ರಿ, ಇಲ್ಲಿ ಇಡಬಾರ್ದು ಅಂತ."

"ಹೇಳ್ತೀನಿ," ಎಂದೆ.

ಅವರು ಗುಂಡಿ ಒತ್ತಿದರು. ಬಾಗಿಲು ಇಳಿದು, ಕೊನೆಯ ಬೆರಳಗಲದಲ್ಲಿ ಒಂದು ಕ್ಷಣ ನಿಂತು, ಒಳಗಿನಿಂದ ಯಾರೋ ಎಳೆದುಕೊಂಡಂತೆ ಮೆತ್ತಗೆ ಕೂತಿತು. ನಾನು ಹಗ್ಗವನ್ನು ಸುರುಳಿ ಸುತ್ತಿ ಒಳಗಿಟ್ಟೆ. ಶಿರಾಳಕೊಪ್ಪ, ಆನವಟ್ಟಿ ದಾಟಿ ಮನೆಗೆ ಬರುವವರೆಗೆ ಯೋಚಿಸಿದ್ದು ಒಂದೇ: ಅವ್ವನಿಗೆ ಎಷ್ಟು ಹೇಳಬೇಕು. ಆಕೆಯ ಬೆರಳು ನಿರಪರಾಧಿ ಎಂಬುದಕ್ಕೆ ಸಾಕ್ಷ್ಯ ಸಿಕ್ಕಿತ್ತು. ಆದರೆ ಸಾಕ್ಷ್ಯದ ಮೇಲೆ ಆಕೆಯದೇ ಹೊಲಿಗೆ ಇತ್ತು.

ಅವ್ವ ಜಗಲಿಯಲ್ಲೇ ಇದ್ದಳು. ಕೈಹಿಡಿದು ಕಾರಿನ ಹಿಂದಕ್ಕೆ ಕರೆತಂದು, ಬಾಗಿಲು ತೆರೆದು, "ಒತ್ತು," ಎಂದೆ. ಒಲ್ಲೆ ಎಂದಳು. ಸೆರಗಿನಿಂದ ಬೆರಳು ಬಿಡಿಸಿ ನಾನೇ ಗುಂಡಿಯ ಮೇಲಿಟ್ಟೆ. ಬಾಗಿಲು ಮುಚ್ಚಿತು. ಆಕೆ ಅದನ್ನೇ ನೋಡುತ್ತ ನಿಂತಳು.

"ಏನಾಗಿತ್ತಂತೆ?"

"ರಬ್ಬರ್ ಸಂದೀಲಿ ಏನೋ ಸೇರ್ಕೊಂಡಿತ್ತು. ಮೊದ್ಲೇ ತೋರಿಸ್ಬೇಕಿತ್ತು, ನಾನು ತೋರಿಸ್ಲಿಲ್ಲ. ನೀನು ಒತ್ತಿದ್ದು ಸರಿಯಾಗೇ ಇತ್ತು. ತಪ್ಪು ನಂದವ್ವಾ."

"ನನ್ ಬೆರಳಿಂದಲ್ಲ?"

"ಅಲ್ಲ."

ಆಕೆ ಬೆರಳನ್ನು ಒಮ್ಮೆ ನೋಡಿಕೊಂಡು ಕೈ ಕೆಳಗಿಳಿಸಿದಳು. ಆಮೇಲೆ ಹೇಳಿದಳು: "ಈ ಗಾಡಿಗೂ ಒಂದು ಗಂಟು ಹೊಲ್ದಿದ್ದೆ ಕಣೋ. ನೀನು ಬೇಡ ಅಂದೆ ಅಂತ ನಿಮ್ಮಪ್ಪ ಒಳಗೆ ತಂದ. ಆಮೇಲೆ ಎಲ್ಲಿಟ್ಟನೋ, ಹುಡುಕಿದ್ರೆ ಸಿಗ್ಲಿಲ್ಲ. ಅದೊಂದು ಗಾಡೀಲಿ ಇದ್ದಿದ್ರೆ, ಆವತ್ತು ಹಿಂಗಾಗ್ತಿರ್ಲಿಲ್ಲ."

ಗಂಟು ನನ್ನ ಅಂಗಿಯ ಜೇಬಿನಲ್ಲಿತ್ತು. ನನ್ನ ಜೀವನದಲ್ಲಿ ಯಾವ ವಾದಕ್ಕೂ ಅಷ್ಟು ಪೂರ್ಣವಾದ ಉತ್ತರ ನನ್ನ ಬಳಿ ಇದ್ದದ್ದಿಲ್ಲ. ನಾನು ಜೇಬಿಗೆ ಕೈ ಹಾಕಲಿಲ್ಲ.

"ಈಗಾದ್ರೂ ಒಂದು ಹೊಲಿದು ಕೊಡ್ಲಾ?" ಎಂದಳು.

"ಕೊಡವ್ವಾ," ಎಂದೆ. "ಆದ್ರೆ ಮುಂದ್ಗಡೆ ಕಟ್ಟೋಣ. ಕನ್ನಡಿಗೆ. ಎಲ್ಲರಿಗೂ ಕಾಣೋ ಹಾಗೆ."