ಶಾಂತವ್ವನ ಪತ್ರ ಓದಿದ ಎರಡು ದಿನ

೧೯೭೯ರಲ್ಲಿ ನಾನು ಪುಣೆ ಹತ್ತಿರದ ಸಾಸವಡದ ಒಂದು ಸಾರ್ವಜನಿಕ ವಾಚನಾಲಯದಲ್ಲಿ ಗ್ರಂಥಪಾಲಕಿಯಾಗಿದ್ದೆ. ಧಾರವಾಡದ ಕಡೆಯವಳು, ಮದುವೆಯಾಗಿ ಪುಣೆಗೆ ಬಂದಿದ್ದೆ. ದಿನಾ ಸ್ವಾರಗೇಟಿನಲ್ಲಿ ಬಸ್ಸು ಹಿಡಿದು, ಘಾಟು ಹತ್ತಿ ಹೋಗಿ, ಹತ್ತು ಗಂಟೆಗೆ ಬಾಗಿಲು ತೆರೆಯಬೇಕಿತ್ತು. ಎರಡು ಕೋಣೆ, ಪತ್ರಿಕೆಗಳಿಗೆ ಒಂದು ಉದ್ದನೆಯ ಮೇಜು, ಆರು ಕಪಾಟು ಮರಾಠಿ ಪುಸ್ತಕ. ಉಪನ್ಯಾಸ, ಮಕ್ಕಳ ಕಥಾಸ್ಪರ್ಧೆ ಮೊದಲಿನಿಂದಲೂ ನಡೆಯುತ್ತಿದ್ದವು. ನಾನು ಹೊಸದಾಗಿ ಸೇರಿಸಿದ್ದು ಒಂದೇ ಕಾರ್ಯಕ್ರಮ: ಭಾನುವಾರ ಮಧ್ಯಾಹ್ನದ ಪತ್ರವಾಚನ.

ಊರ ಹೊರಗಿನ ಕಲ್ಲು ಕ್ರಶರಿನಲ್ಲಿ ಯಾದಗಿರಿ ಕಡೆಯ ಹಲವು ಕುಟುಂಬಗಳು ದುಡಿಯುತ್ತಿದ್ದವು. ಅವರಿಗೆ ಊರಿನಿಂದ ಕನ್ನಡದಲ್ಲಿ ಪತ್ರ ಬರುತ್ತಿದ್ದವು. ಓದಲು ಬರುತ್ತಿದ್ದುದು ಅವರನ್ನು ಕೆಲಸಕ್ಕೆ ಕರೆತಂದ ಮುಕಾದಮನೊಬ್ಬನಿಗೆ ಮಾತ್ರ. ಹಾಗಾಗಿ ಭಾನುವಾರ ಹೆಂಗಸರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬರ ಪತ್ರವನ್ನೂ ನಾನು ಗಟ್ಟಿಯಾಗಿ ಓದುತ್ತಿದ್ದೆ. ಒಬ್ಬರ ಮನೆಯ ಎಮ್ಮೆ ಈದ ಸುದ್ದಿಗೆ ಎಲ್ಲರೂ ನಗುತ್ತಿದ್ದರು.

ಕಾರ್ಯಕಾರಿ ಸಮಿತಿಯ ಅಧ್ಯಕ್ಷರಿಗೆ ಇದು ಹಿಡಿಸಿರಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯರು, ಕೆಟ್ಟ ಮನುಷ್ಯರಲ್ಲ. “ಬಾಯಿ, ಹೇ ವಾಚನಾಲಯ ಆಹೆ, ಟಪಾಲ್ ಕಚೇರಿ ನಾಹಿ,” ಎಂದಿದ್ದರು. ಅಮ್ಮಾ, ಇದು ವಾಚನಾಲಯ, ಅಂಚೆ ಕಚೇರಿಯಲ್ಲ, ಇಲ್ಲಿ ಗದ್ದಲವಾದರೆ ನಿಲ್ಲಿಸಿಬಿಡುತ್ತೇನೆ ಎಂಬುದು ಅದರ ತಾತ್ಪರ್ಯ. ಡಿಸೆಂಬರಿನ ಒಂದು ಭಾನುವಾರ, ಕಾರ್ಯಕ್ರಮ ಮುಂದುವರಿಯಬೇಕೋ ಬೇಡವೋ ನೋಡಲು ತಾವೇ ಬಂದು ಮೇಜಿನ ಬಳಿ ಕುಳಿತರು.

ಅಂದು ಕೊನೆಗೆ ಪತ್ರ ಕೊಟ್ಟವಳು ಶಾಂತವ್ವ. ಮೂವತ್ತರ ಆಸುಪಾಸು, ಬುಟ್ಟಿಯಲ್ಲಿ ಜಲ್ಲಿ ಹೊರುವವಳು. ಸೆರಗಿನ ಗಂಟಿನಿಂದ ಇನ್‌ಲ್ಯಾಂಡ್ ಪತ್ರ ಬಿಚ್ಚಿ ಕೊಡುತ್ತ ಅಂದಳು: “ಮುಕಾದಮ ಒಮ್ಮಿ ಓದ್ಯಾನ್ರಿ ಅಕ್ಕಾ. ಅವ್ವ ಆರಾಮ ಅದಾಳಂತ, ಜ್ವಾಳ ಚಲೋ ಬಂದದಂತ. ಇನ್ನೊಮ್ಮಿ ಕೇಳಬೇಕನ್ನಿಸ್ತು.”

ಪತ್ರದಲ್ಲಿ ಜೋಳದ ಮಾತೇ ಇರಲಿಲ್ಲ. ಅವಳ ಅಣ್ಣ ಯಾರಿಂದಲೋ ಬರೆಸಿದ್ದ. ಅವ್ವ ಅನ್ನ ಬಿಟ್ಟಿದ್ದಾಳೆ, ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಪತ್ರ ಮುಟ್ಟಿದ ಕೂಡಲೇ ಹೊರಟು ಬಾ. ಬರೆದು ಹತ್ತು ದಿನವಾಗಿತ್ತು.

ಕಣ್ಣಲ್ಲಿ ಓದಿ ಮುಗಿಸಿ ತಲೆ ಎತ್ತಿದೆ. ಶಾಂತವ್ವ ಪಕ್ಕದವಳ ತೊಡೆ ತಟ್ಟಿ, ಕೇಳು ಎಂಬಂತೆ ನಗುತ್ತಿದ್ದಳು. ಆಚೆ ಅಧ್ಯಕ್ಷರು. ಅವಳು ಇಲ್ಲೇ ಬೋರಾಡಿ ಅತ್ತರೆ, ಹೆಂಗಸರು ಮುಕಾದಮನ ಮೇಲೆ ತಿರುಗಿಬಿದ್ದರೆ, ಪತ್ರವಾಚನ ಅಂದಿಗೇ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದ ಮಾತು ಇದು: “ನಿಮ್ಮವ್ವಗ ಸ್ವಲ್ಪ ಆರಾಮಿಲ್ಲಂತ. ಆದಾಗ ಒಮ್ಮೆ ಬಂದು ಹೋಗು ಅಂದಾರ.”

“ಹೌದಾ?” ಅವಳ ನಗು ಸ್ವಲ್ಪ ಸಣ್ಣದಾಯಿತು. “ಹಂಗಾರ ಬನದ ಹುಣ್ಣಿವಿಗಿ ಹೋಗಿ ಬರ್ತೀನ್ರಿ.” ಆ ಹುಣ್ಣಿಮೆಗೆ ಇನ್ನೂ ವಾರಗಳೇ ಬಾಕಿ ಇದ್ದವು. ಪತ್ರವನ್ನು ಮತ್ತೆ ಗಂಟು ಹಾಕಿಕೊಂಡು ಹೋದಳು. ಅಧ್ಯಕ್ಷರು ಎದ್ದು, “ಛಾನ್, ಚಾಲೂ ಠೇವಾ,” ಎಂದರು. ಚೆನ್ನಾಗಿದೆ, ಮುಂದುವರಿಸಿ ಎಂದು ಅವರು ಹೇಳಿದ್ದು ಅದೇ ಮೊದಲು.

ಘಾಟು ಇಳಿಯುವ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಇಳಿದು ಹಿಂದಕ್ಕೆ ಹೋಗಲೇ ಎಂದು ಎರಡು ಸಲ ಎದ್ದು ನಿಂತೆ, ಎರಡು ಸಲವೂ ಕೂತೆ. ಮನೆಯಲ್ಲಿ ಸಾರಿಗೆ ಎರಡು ಬಾರಿ ಉಪ್ಪು ಹಾಕಿದೆ. ಗಂಡ ಕೇಳಿದ್ದಕ್ಕೆ ತಲೆನೋವು ಎಂದೆ. ಒಂದೇ ದಿನದಲ್ಲಿ ಎರಡನೆಯ ಸುಳ್ಳು.

ಸೋಮವಾರ ಮೊದಲ ಬಸ್ಸಿಗೆ ಹೊರಟು ನೇರ ಕ್ರಶರಿಗೆ ಹೋದೆ. ಕಲ್ಲಿನ ಧೂಳಿನಲ್ಲಿ ಶಾಂತವ್ವನನ್ನು ಹುಡುಕಿ, ಪತ್ರ ಇಸಿದುಕೊಂಡು, ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದೆ. ಅಷ್ಟರಲ್ಲಿ ಮುಕಾದಮ ಬಂದ.

“ನಿನ್ನಿ ಒಂದು ಓದಿದ್ರಂತ, ಇವತ್ತೊಂದು ಓದ್ತೀರಿ. ಯಾವುದು ಖರೇರಿ ಮೇಡಂ?”

“ನಿನ್ನಿ ನಾ ಓದಿದ್ದು ಸುಳ್ಳು. ನೀವು ಓದಿದ್ದೂ ಸುಳ್ಳು,” ಎಂದೆ.

“ಗುತ್ತಿಗಿ ಕೆಲಸ ಮುಗೀಲಿ, ನಾನ ಕಳಸ್ತಿದ್ನಿ,” ಎಂದು ಅವನು ಮುಖ ತಿರುಗಿಸಿದ.

ಶಾಂತವ್ವ ಅವನನ್ನು ನೋಡಲೇ ಇಲ್ಲ. ನನ್ನನ್ನು ನೋಡಿ, “ನೀವೂನಾ ಅಕ್ಕಾ?” ಎಂದಳಷ್ಟೆ. ಅವಳು ಅಳಲಿಲ್ಲ. ಬುಟ್ಟಿ ಕೆಳಗಿಟ್ಟು ಗುಡಿಸಲಿಗೆ ಹೋಗಿ ಒಂದು ಸೀರೆ ಸುತ್ತಿಕೊಂಡು ಬಂದಳು. ಸ್ವಾರಗೇಟಿನವರೆಗೆ ಜೊತೆಗೆ ಹೋಗಿ ಸೊಲ್ಲಾಪುರದ ಬಸ್ಸಿಗೆ ಹತ್ತಿಸಿದೆ. ಅವಳು ಕಿಟಕಿಯಿಂದ ಕೈ ಬೀಸಲಿಲ್ಲ.

ಆ ದಿನ ವಾಚನಾಲಯ ಮಧ್ಯಾಹ್ನದವರೆಗೆ ಮುಚ್ಚಿತ್ತು. ಸಮಿತಿ ಕಾರಣ ಕೇಳಿತು, ನಡೆದದ್ದೆಲ್ಲ ಬರೆದುಕೊಟ್ಟೆ. ಪತ್ರವಾಚನವನ್ನು ನಿಲ್ಲಿಸಿದರು. ಯಾವುದನ್ನು ಉಳಿಸಿಕೊಳ್ಳಲು ಮಾತು ಬದಲಿಸಿದ್ದೆನೋ ಅದು ಹೇಗೂ ಉಳಿಯಲಿಲ್ಲ. ಆದರೂ ಮುಂದಿನ ಭಾನುವಾರ ಹೆಂಗಸರು ಬಂದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಓದಿದೆ. ಮುಕಾದಮ ಮೊದಲು ಓದಿದ್ದ ಹಳೆಯ ಪತ್ರಗಳನ್ನೂ ಅವರು ಹೊತ್ತು ತಂದಿದ್ದರು. ಕೆಲವು ವಾರಗಳ ನಂತರ ಅಧ್ಯಕ್ಷರೇ ಹೊರಗೆ ಬಂದು, ಬಿಸಿಲಲ್ಲೇಕೆ ಕೂತಿದ್ದೀರಿ, ಒಳಗೆ ಕರೆದುಕೊಂಡು ಬನ್ನಿ ಎಂದರು.

ಶಾಂತವ್ವ ಮರಳಿದ್ದು ತಿಂಗಳು ಕಳೆದ ಮೇಲೆ. ನಾನು ಕೇಳುವ ಮೊದಲೇ ಹೇಳಿದಳು: “ಹೋದಾಗ ಅವ್ವ ಇದ್ಳ್ರಿ. ನನ್ನ ಕೈ ಹಿಡದ್ಳು. ಮಾತು ಮಾತ್ರ ಹಿಂದಿನ ದಿನಾನ ನಿಂತಿತ್ತು.”

ಹಿಂದಿನ ದಿನ. ಭಾನುವಾರ ಸಂಜೆಯೇ ಅವಳು ಹೊರಟಿದ್ದರೆ ಸಿಗುತ್ತಿದ್ದ ದಿನ. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಲೆ ಅಲ್ಲಾಡಿಸಿ ಬೇಡವೆಂದು, ಹೋಗಿ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು.

ನಾನು ನಿವೃತ್ತಳಾಗುವವರೆಗೆ ಎಷ್ಟೋ ಮಂದಿಗೆ ಪತ್ರ ಓದುವ ಈ ಕೆಲಸ ಕಲಿಸಿದೆ. ಎಲ್ಲರಿಗೂ ಹೇಳಿದ್ದು ಇಷ್ಟೇ: ಕಹಿ ಸುದ್ದಿಯಿದ್ದರೆ ನೀರು ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ, ಬಸ್‌ಸ್ಟ್ಯಾಂಡಿಗೆ ಜೊತೆಗೆ ಹೋಗಿ. ಆದರೆ ಪತ್ರ ಅವರದು. ಅದರಲ್ಲಿರುವುದನ್ನು ಇರುವ ಹಾಗೆ, ಅಂದೇ ಓದಿ.