ಹುಟ್ಟುಹಬ್ಬದ ಫ್ಲೆಕ್ಸ್ ಹೊದ್ದ ಪಿಕಪ್

ಗೆಳೆಯರೇ, ಪುಢಾರಿಯ ಮುಖ ನಂಬಿ ಇವತ್ತು ಮತ್ತೆ ಮೋಸ ಹೋದೆವು.

ನಮ್ಮ ಓಣಿಯ ಗಟಾರಕ್ಕಾಗಿ ಧಾರವಾಡದ ಪಾಲಿಕೆ ಕಚೇರಿ ಮುಂದೆ ಧರಣಿ. ಹುಬ್ಬಳ್ಳಿಯಲ್ಲಿ ಅಚ್ಚಾದ ಕರಪತ್ರಗಳನ್ನು ಖಾದರ್ ಭಾಯಿಯ ಪಿಕಪ್ಪಿಗೆ ಹೇರಿದ್ದೆವು. ಸತ್ತೂರ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಮೇಲಿನ ತಾಡಪತ್ರಿ ಹರಿದಿತ್ತು. ಖಾದರ್ ಭಾಯಿ ಸೀಟಿನ ಹಿಂದಿನಿಂದ ಯಾವನೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಎಳೆದು ಹೊದಿಸಿ ಬಿಗಿದರು.

"ಆ ಮಾರಿ ಕೆಳಗ ನಮ್ಮ ಕರಪತ್ರ ಹೋಗಬೇಕೇನು?" ಫ್ಲೆಕ್ಸಿನ ಮುಖ ತೋರಿಸಿ ನಾನು ಗುಡುಗಿದೆ.

"ಸಿದ್ಧಾಂತ ಹೊದಿಸಿದ್ರ ಮಳಿ ನಿಲ್ಲೂದಿಲ್ಲ ಸರ. ಲಗೂ ಹತ್ರಿ."

ಕಚೇರಿ ಮುಂದೆ ಬಿಚ್ಚಿ ನೋಡಿದರೆ ಕಟ್ಟುಗಳೆಲ್ಲ ತೊಯ್ದು ತೊಪ್ಪೆ! ಗಾಳಿ ಹಾಯಲೆಂದು ಫ್ಲೆಕ್ಸಿನಲ್ಲಿ ಸೀಳು ಕೊಯ್ದಿರುತ್ತಾರಲ್ಲ, ಅದು ಸರಿಯಾಗಿ ಪುಢಾರಿಯ ಬಾಯಲ್ಲೇ ಇತ್ತು.

"ಮಾರಿ ಛಲೋ ಐತಿ ಅಂತ ಹೊದಿಸಿದೆ ಸರ, ಬಾಯಿ ಸೋರೂದು ಯಾರಿಗೆ ಗೊತ್ತಿತ್ತು?"

ನಮ್ಮ ಸಂಘಟನೆಯ ಗಿರಿಜಕ್ಕ ಒಂದು ಕಟ್ಟು ಎತ್ತಿಕೊಂಡು ಸೀದಾ ಸಾಹೇಬರ ಕೋಣೆಗೆ ನುಗ್ಗಿದರು. ಫ್ಯಾನಿನ ಕೆಳಗೆ, ಮೇಜು ಕುರ್ಚಿಗಳ ಮೇಲೆಲ್ಲ ಕರಪತ್ರ ಹರವಿದರು.

"ಏನ್ರಿ ಅಕ್ಕಾರ ಇದು?" ಸಾಹೇಬರು ಎದ್ದರು.

"ಏಳಬ್ಯಾಡ್ರಿ, ಹಾರಿ ಹೋಗತಾವ. ಆ ತುದಿ ಒತ್ತಿ ಹಿಡೀರಿ."

ಮನವಿ ತೆಗೆದುಕೊಳ್ಳಲು ಒಮ್ಮೆಯೂ ಬಾಗಿಲಿಗೆ ಬಾರದ ಮನುಷ್ಯ, ಎರಡೂ ಕೈಯಿಂದ ನಮ್ಮ ಬೇಡಿಕೆಗಳನ್ನು ಒತ್ತಿ ಹಿಡಿದು ಕೂತರು. ಬೇರೆ ಕೆಲಸವಿಲ್ಲದೆ ಓದಿದರು ಕೂಡ.

"ಗಟಾರದ್ದು ಖರೇ ಐತಿ ಬಿಡ್ರಿ. ನಾಳೆ ಬಂದು ನೋಡತೇನಿ," ಎಂದರು.

ಗೆಳೆಯರೇ, ಇನ್ನು ಮುಂದೆ ಒಣ ಮನವಿ ಯಾರಿಗೂ ಕೊಡಬೇಡಿ.