ಮುಚ್ಚಬಾರದಿದ್ದ ಹರಕು

ಕೋಟಿನ ಉದ್ದ ಕಡಿಮೆ ಮಾಡು, ತೋಳಿನ ಹರಕು ಮಾತ್ರ ಮುಟ್ಟಬೇಡ ಎಂದಿದ್ದಳು ಅಕ್ಕ. ಅಷ್ಟು ಸಣ್ಣ ಮಾತನ್ನು ನಾನು ನಡೆಸಿಕೊಡಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೂಜಿ ಹಿಡಿದವನು ನಾನು. ಆಗ ದುಬೈಯ ಸತ್ವಾದಲ್ಲಿ ನನ್ನದೊಂದು ಟೈಲರ್ ಅಂಗಡಿ. ಅಕ್ಕ ಊದ್ ಮೇಥಾದ ಶಾಲೆಯೊಂದರಲ್ಲಿ ಟೀಚರ್, ಜತೆಗೆ ನಾಟಕದ ಹುಚ್ಚು. ಅಲ್ಲೇ ಇದ್ದ ಕೆಲವು ಇರಾಕಿಗಳು ಹಳೆಯದೊಂದು ಗ್ರೀಕ್ ನಾಟಕವನ್ನು ಅರಬ್ಬಿಯಲ್ಲಿ ಕಲಿಯುತ್ತಿದ್ದರು. ಯುದ್ಧ ಮುಗಿದು ಆಗಷ್ಟೇ ಗೋಡೆ ಏಳುತ್ತಿದ್ದ ತಮ್ಮ ಊರಿಗೆ ಹೋಗಿ ಆಡುವವರಿದ್ದರು. ಬಟ್ಟೆಯ ಜವಾಬ್ದಾರಿಯನ್ನು ಅಕ್ಕ ಹೊತ್ತಳು. ನನ್ನ ತಮ್ಮನೇ ಇದ್ದಾನೆ ಎಂದು ಹೇಳಿಕೊಂಡಳಂತೆ.

ಒಂದು ಶುಕ್ರವಾರ ಕರಾಮದ ಫ್ಲ್ಯಾಟಿನಲ್ಲಿ ಅವರ ಅಭ್ಯಾಸ ನೋಡಿದೆ. ನಮ್ಮ ಯಕ್ಷಗಾನದಲ್ಲಿ ರಾಜ ಬರಬೇಕಾದರೆ ಚೆಂಡೆ ಬಡಿಯಬೇಕು, ಕಿರೀಟ ಹೊಳೆಯಬೇಕು. ಇಲ್ಲಿ ರಾಜ ಚಪ್ಪಲಿ ಹಾಕಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಪಾಪ, ವೇಷಕ್ಕೂ ಗತಿಯಿಲ್ಲ ಅನಿಸಿತು.

ಹಾಗಾಗಿ ಆ ಕೋಟು ಬಂದಾಗ ಕೈ ಸುಮ್ಮನಿರಲಿಲ್ಲ. ಹರಕಿನ ಅಂಚು ಕತ್ತರಿಸಿ, ಕೋಟಿನ ಒಳಗಿನಿಂದಲೇ ನೂಲು ತೆಗೆದು, ಎಲ್ಲಿ ಹರಿದಿತ್ತೆಂದು ನನಗೇ ತಿಳಿಯದಂತೆ ರಫು ಮಾಡಿದೆ. ಕಾಲರಿಗೆ ಒಂದೆಳೆ ಜರಿಯನ್ನೂ ಕೊಟ್ಟೆ.

ಅಕ್ಕ ಬಂದವಳು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹರಕು ಎಲ್ಲಿ ಮಾರಾಯ?"

ಇಸ್ತ್ರಿ ಹಾಕುವಾಗ ಕೂಡಿಕೊಂಡಿರಬೇಕು ಎಂದೆ.

"ಜರಿ? ಅದೂ ಇಸ್ತ್ರಿಯಲ್ಲೇ ಬಂದದ್ದಾ?"

ಆಮೇಲೆ ಮೆಲ್ಲಗೆ ಹೇಳಿದಳು. ಅದು ನಾಟಕದ ಮುಖ್ಯ ನಟಿಯ ತೀರಿಹೋದ ತಾಯಿಯ ಕೋಟು. ಊರು ಬಿಟ್ಟು ಓಡುವಾಗ ತಂತಿಬೇಲಿಗೆ ಸಿಕ್ಕಿ ಹರಿದದ್ದು. ನಟಿ ಆ ಹರಕಿನಲ್ಲಿ ಬೆರಳಿಟ್ಟೇ ಕೊನೆಯ ಮಾತು ಆಡುವವಳು. ಹರಕು ಹೇಗಿದೆಯೋ ಹಾಗೇ ಇಟ್ಟು ವಾಪಸ್ ಕೊಡುತ್ತೇನೆ ಎಂದು ಅಕ್ಕ ಅವಳಿಗೆ ಮಾತು ಕೊಟ್ಟಿದ್ದಳು.

ಬಿಚ್ಚೋಣವೆಂದು ಬ್ಲೇಡು ತೆಗೆದೆ. ಆದರೆ ಅಂಚು ಕತ್ತರಿಸಿ ಆಗಿತ್ತಲ್ಲ. ಬಿಚ್ಚಿದರೆ ಉಳಿಯುವುದು ನನ್ನ ಕತ್ತರಿಯ ತೂತು, ಆ ಬೇಲಿಯ ಹರಕಲ್ಲ.

ಅಷ್ಟರಲ್ಲಿ ನಟಿಯೇ ಅಂಗಡಿಗೆ ಬಂದಳು. ಕೋಟು ಎತ್ತಿಕೊಂಡು ತೋಳಿನ ಮೇಲೆ ಬೆರಳಾಡಿಸಿದಳು. ಬೆರಳು ಹುಡುಕಿತು, ಮತ್ತೆ ಹುಡುಕಿತು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದ್ದು ನನಗೂ ಅರ್ಥವಾಯಿತು: ತಮ್ಮನಿಗೆ ಹೇಳಲು ಮರೆತೆ, ತಪ್ಪು ನನ್ನದು.

ಚಿಕ್ಕಂದಿನಲ್ಲಿ ನನ್ನ ಪಾಲಿನ ಪೆಟ್ಟನ್ನೆಲ್ಲ ಅವಳು ಹೀಗೇ ತಿನ್ನುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ನಗುತ್ತಿದ್ದೆ. ಸತ್ವಾದ ಆ ಅಂಗಡಿಯಲ್ಲಿ ನಿಲ್ಲಲು ಬಾಗಿಲ ಹಿಂದೆ ಜಾಗ ಇರಲಿಲ್ಲ.

"ಇಲ್ಲ ಅಕ್ಕ, ನೀನು ಹೇಳಿದ್ದಿ. ನಾನೇ ಕೇಳಲಿಲ್ಲ, ಮೇಲಿಂದ ಸುಳ್ಳೂ ಹೇಳಿದೆ. ತಪ್ಪಾಯ್ತು. ಅವರಿಗೂ ಹಾಗೇ ಹೇಳು."